ಒಸಾಕಾದ ಇಜಾಕಾಯಾದಲ್ಲಿ ಒಂದು ಸಂಜೆ: ಹೋಗಿ ಬಂದವರು ಹೇಳಿ

ಧಾರವಾಡದವ: ಮುಂದಿನ ತಿಂಗಳು ಕಚೇರಿ ಕೆಲಸಕ್ಕೆ ಒಸಾಕಾಗೆ ಹೋಗುತ್ತಿದ್ದೇನೆ. ಅಲ್ಲಿನ ತೆನ್ಮಾ ಬಡಾವಣೆ ಕಡೆಯ, ಹತ್ತು ಜನ ಕೂರುವಂಥ ಇಜಾಕಾಯಾದಲ್ಲಿ (ಕುಡಿಯಲು, ಜೊತೆಗೆ ಸಣ್ಣಪುಟ್ಟ ತಿನಿಸು ಕೊಡುವ ಜಪಾನಿ ಅಂಗಡಿ) ಊರವರ ನಡುವೆ ಕೂತು ಕುಡಿಯುವ ಆಸೆ. ಮೊಟ್ಟೆ ತಿನ್ನುತ್ತೇನೆ, ಮೀನು, ಮಾಂಸ ಇಲ್ಲ. ಒಬ್ಬನೇ ಹೋಗಬಹುದೇ?

ತುಂಗಾತೀರ: ಹೋಗಬಹುದು, ಹಸಿದುಕೊಂಡೇ ಬರಬಹುದು. ಕಳೆದ ವರ್ಷ ಟೋಕಿಯೊದಲ್ಲಿ ನಾನು ಕೂತೊಡನೆ, ಕೇಳದೆಯೇ ಒಂದು ಪುಟ್ಟ ಬಟ್ಟಲು ಬಂತು. ಮೂರು ಹೋಳು ಮೂಲಂಗಿ, ದಾಶಿಯಲ್ಲಿ, ಅಂದರೆ ಮೀನಿನ ಸಾರಿನಲ್ಲಿ, ಬೆಂದದ್ದು. ಮುಟ್ಟಲಿಲ್ಲ. ತಣ್ಣನೆಯ ತೋಫು ಹೇಳಿದೆ. ಅದರ ಮೇಲೆ ಹೆರೆದ ಒಣಮೀನು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಫ್ಯಾನಿನ ಗಾಳಿಗೆ ಮಿಸುಕಾಡುತ್ತಿತ್ತು! ಲೆಕ್ಕ ಇನ್ನೂ ಬಾಯಿಗೆ ಬರುತ್ತದೆ: ಮುಟ್ಟದ ಮೂಲಂಗಿಗೆ 400 ಯೆನ್, ಎರಡು ಬಿಯರ್‌ಗೆ 1,100, ಎಡಮಾಮೆ 380, ತೋಫು 420, ಮೇಲೆ ಶೇ 10 ತೆರಿಗೆ, ಒಟ್ಟು 2,530. ಹೊಟ್ಟೆಗೆ ಸೇರಿದ್ದು ಉಪ್ಪು ಹಾಕಿದ ಸೋಯಾ ಕಾಯಿ. ಸುಲಿಗೆ.

ಕಾನಗಾವಾ ವಾಸಿ: ಅದು ಒತೋಶಿ ಸ್ವಾಮಿ, ಕೂತ ಜಾಗದ ಬಾಡಿಗೆ. ಅಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ, ಅದನ್ನೇಕೆ ಲೆಕ್ಕಕ್ಕೆ ಹಿಡಿಯಲಿಲ್ಲ? ನಾನು ಆರು ವರ್ಷದಿಂದ ಒಂದೇ ಅಂಗಡಿಗೆ ಹೋಗುತ್ತೇನೆ. ಮೊದಲ ನಾಲ್ಕು ಸಲ ಯಾರೂ ಮಾತಾಡಿಸಲಿಲ್ಲ. ಐದನೆಯ ಸಲ ಪಕ್ಕದ ಹಿರಿಯರ ಲೋಟ ಬರಿದಾದದ್ದು ನೋಡಿ, ಅವರದೇ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಅವರು ನನ್ನದನ್ನು ತುಂಬಿಸಿದರು. ಈಗ ಅಲ್ಲಿನ ಕಪಾಟಿನಲ್ಲಿ ನನ್ನ ಹೆಸರು ಬರೆದ ಶೋಚೂ (ಜಪಾನಿ ಭಟ್ಟಿ ಮದ್ಯ) ಬಾಟಲಿ ಇದೆ. ಕೋಳಿಯ ಚರ್ಮ, ಗುಂಡಿಗೆ, ಎಲ್ಲ ತಿನ್ನುತ್ತೇನೆ. ಮೀನು ಬೇಡದವರು ಮೀನಿನ ಮನೆಗೆ ಹೋಗಿ ಅಳಬಾರದು.

ತುಂಗಾತೀರ: ಅತ್ತವರಾರು? ದುಡ್ಡು ಕೊಟ್ಟವನು ನಾನು.

ಮಲ್ಲಿಗೆ: ಸಿಗರೇಟು ಹೊಗೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. 2020ರ ಏಪ್ರಿಲ್‌ನಲ್ಲಿ ಒಳಗೆ ಸೇದುವುದನ್ನು ತಡೆಯುವ ಕಾನೂನು ಬಂದರೂ ಹಳೆಯ ಚಿಕ್ಕ ಅಂಗಡಿಗಳಿಗೆ ವಿನಾಯಿತಿ ಉಳಿಯಿತು. ನನ್ನ ಉಣ್ಣೆಯ ಕೋಟು ತೊಳೆಸಲು 1,300 ಯೆನ್, ಕೊನೆಯ ರೈಲು ತಪ್ಪಿ ಟ್ಯಾಕ್ಸಿಗೆ 6,200. ರಾತ್ರಿ ಹತ್ತರ ಮೇಲೆ ಮೀಟರು ಶೇ 20 ಹೆಚ್ಚು ಓಡುತ್ತದೆ.

ಕಾನಗಾವಾ ವಾಸಿ: ರೈಲಿನ ಹೊತ್ತು ನೋಡದಿದ್ದರೆ ಅಂಗಡಿಯವರ ತಪ್ಪೇ?

ಮಲ್ಲಿಗೆ: ತಪ್ಪು ಎಂದೆನೇ? ಖರ್ಚು ಎಂದೆ. ಓದಿ ಬರೆಯಿರಿ.

ಧಾರವಾಡದವ: ತಮಾಗೊಯಾಕಿ, ಅಂದರೆ ಸುರುಳಿ ಸುತ್ತಿದ ಮೊಟ್ಟೆಯ ಆಮ್ಲೆಟ್, ನನಗೆ ನಡೆಯುತ್ತದೆಯೇ?

ತುಂಗಾತೀರ: ಅದರಲ್ಲೂ ದಾಶಿ.

ಕಾನಗಾವಾ ವಾಸಿ: ಎಲ್ಲ ಕಡೆ ಅಲ್ಲ. ನಮ್ಮ ಅಂಗಡಿಯ ಅಜ್ಜಿ ಸಕ್ಕರೆ, ಉಪ್ಪು ಬಿಟ್ಟು ಬೇರೇನೂ ಹಾಕುವುದಿಲ್ಲ.

ತುಂಗಾತೀರ: ಅವರು ಹೋಗುತ್ತಿರುವುದು ಒಸಾಕಾಗೆ, ನಿಮ್ಮ ಅಜ್ಜಿಯ ಮನೆಗಲ್ಲ. ಅಲ್ಲಿ ಅದರ ಹೆಸರೇ ದಾಶಿಮಾಕಿ.