ಪಿಟೀಲು ಕಲಿಯುವ ಮಗಳಿಗೆ ಹಕ್ಕಿ ಹುಚ್ಚು. ಬಿಡಿಸಬೇಕಾ, ಬಿಡಬೇಕಾ?

ಮೈಸೂರಿನ ಅಮ್ಮ:
ಮಗಳಿಗೆ 14 ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ಜೂನಿಯರ್ ಪರೀಕ್ಷೆ ಆಗಿದೆ, ಈಗ ಸೀನಿಯರ್‌ಗೆ ತಯಾರಿ. ಇತ್ತೀಚೆಗೆ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಕುಕ್ಕರಹಳ್ಳಿ ಕೆರೆ ಹತ್ತಿರ ಇರಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಅಂತ ಪಟ್ಟಿ ಬರೆಯುತ್ತಾಳೆ. ನಿಧಾನವಾಗಿ ಕೂತು ಸಾಧನೆ ಮಾಡಲು ವಾರಕ್ಕೆ ಸಿಗುವ ಒಂದೇ ಬೆಳಗ್ಗೆ ಅದು. ಗುರುಗಳು "ಎರಡು ದೋಣಿಯಲ್ಲಿ ಕಾಲು ಬೇಡಮ್ಮ" ಎಂದಿದ್ದಾರೆ. ನಮ್ಮ ಯಜಮಾನರು "ಹಕ್ಕಿ ಕೂಗು ಕೇಳಿದರೆ ಸಂಗೀತಕ್ಕೂ ಒಳ್ಳೆಯದೇ" ಅನ್ನುತ್ತಾರೆ. ನಿಮ್ಮ ಮನೆ ಮಕ್ಕಳಿಗೆ ಇಂಥ ಹುಚ್ಚು ಇದ್ದಿದ್ದರೆ ಏನಾಯಿತು, ಹೇಳಿ. ಸಂಗೀತಕ್ಕೆ ನೆರವಾಯಿತಾ, ಅದನ್ನೇ ತಿಂದು ಹಾಕಿತಾ?

ಪಿಟೀಲು ಮೇಷ್ಟ್ರು, ಬೆಂಗಳೂರು:
ಅಮ್ಮಾ, ಮೊದಲು ಒಂದು ವಿಷಯ. ಉಳಿದ ದಿನ ಪಿಟೀಲು ಕೈಗೆತ್ತಿಕೊಳ್ಳುತ್ತಾಳಾ? ದಿನಾ ಮುಕ್ಕಾಲು ಗಂಟೆ ಕೂತು ಅಲಂಕಾರದ ಸ್ವರಪಾಠ ಮೂರು ಕಾಲದಲ್ಲಿ (ವೇಗದಲ್ಲಿ), ವರ್ಣ ಅನ್ನುವ ಒಂದು ರಚನೆ ಎರಡು ಕಾಲದಲ್ಲಿ ನುಡಿಸುವ ಮಗು ಭಾನುವಾರ ಎಲ್ಲಿಗೆ ಹೋದರೂ ನನಗೆ ಚಿಂತೆ ಇಲ್ಲ. ವಾರವೆಲ್ಲ ಮುಟ್ಟದೆ ಒಂದೇ ದಿನ ಮೂರು ಗಂಟೆ ಉಜ್ಜುವವರ ಕೈಯಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವ ಕೆಲಸ, ನಿಲ್ಲುವುದಿಲ್ಲ.

ಹುಚ್ಚು ಯಾವುದು ಅನ್ನುವುದನ್ನೂ ನೋಡಬೇಕು. ನನ್ನ ಶಿಷ್ಯನೊಬ್ಬನಿಗೆ ಕ್ರಿಕೆಟ್. ಲೆದರ್ ಬಾಲ್ ಕ್ಯಾಚ್ ಹಿಡಿಯಲು ಹೋಗಿ ಎಡಗೈ ಕಿರುಬೆರಳು ಊದಿಸಿಕೊಂಡು ಬಂದ. ಪಿಟೀಲಿನಲ್ಲಿ ಸ್ವರದ ಜಾಗವೆಲ್ಲ ಎಡಗೈ ಬೆರಳಲ್ಲೇ ಅಲ್ವಾ? ಉಳಿದ ಮೂರು ಬೆರಳಲ್ಲೇ ಹೇಗೋ ಮೋಹನ ರಾಗ ನುಡಿಸಿದ, ಅದು ಬೇರೆ ಮಾತು. ಆಮೇಲೆ ಟೆನಿಸ್ ಬಾಲ್ ಮಾತ್ರ ಅಂತ ಒಪ್ಪಂದ ಆಯಿತು. ಹಕ್ಕಿ ನೋಡಿದರೆ ಬೆರಳಿಗೇನೂ ಆಗಲ್ಲ. ನಾವು ಪಿಟೀಲಿನ ತುದಿಯನ್ನು ಪಾದಕ್ಕೆ ಊರಿ, ಕತ್ತು ಬಗ್ಗಿಸಿ ಕೂರುವವರು. ಬೈನಾಕ್ಯುಲರ್ ಹಿಡಿದು ಮರದ ತುದಿ ನೋಡಿದರೆ ಕತ್ತಿಗೆ ವ್ಯಾಯಾಮವಾದರೂ ಆದೀತು.

ಧಾರವಾಡದ ಕೇಳುಗ:
ಯಜಮಾನರಿಗೆ ಹೇಳ್ರಿ, "ಸಂಗೀತಕ್ಕೂ ಒಳ್ಳೆಯದು" ಅನ್ನುವ ಲೆಕ್ಕ ಬೇಡ. ನಮ್ಮ ಗದಗಿನ ಕಡೆಯ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರಿಗೆ ಕಾರಿನ ಹುಚ್ಚು. ಕಛೇರಿಗೆ ಊರಿಂದ ಊರಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಅದರಿಂದ ಅವರ ತಾನಿಗೆ ವೇಗ ಬಂತು ಅಂದರೆ ಯಾರಾದರೂ ನಕ್ಕಾರು. ಇಷ್ಟ ಇತ್ತು, ಓಡಿಸಿದರು. ಸರೋದ್ ನುಡಿಸಿದ ರಾಜೀವ ತಾರಾನಾಥರು ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ಸರೋದ್ ಗುರು ಅಲಿ ಅಕ್ಬರ್ ಖಾನರ ಶಿಷ್ಯರಾದರು ಅಂತ ಕವಿತೆಯ ಮೇಲಿನ ಪ್ರೀತಿಯನ್ನೇನೂ ಕಟ್ಟಿ ಅಟ್ಟಕ್ಕೆ ಹಾಕಲಿಲ್ಲ.

ಒಮ್ಮೊಮ್ಮೆ ಹೊರಗಿನದು ಒಳಗೂ ಬರುತ್ತದೆ, ಇಲ್ಲ ಅನ್ನೋದಿಲ್ಲ. ಗಾಯಕ ಕುಮಾರ ಗಂಧರ್ವರು ಬೆಳಗಾವಿ ಕಡೆಯ ಸುಳೇಭಾವಿಯವರು. ಕ್ಷಯ ಹಿಡಿದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಹಾಡುವ ಹಾಗಿಲ್ಲ ಅಂತ ವೈದ್ಯರ ಅಪ್ಪಣೆ. ವರ್ಷಗಟ್ಟಲೆ ಹಾಸಿಗೆಯ ಮೇಲೆ. ಬೀದಿಯಲ್ಲಿ ಹೋಗುವವರ, ಮನೆಮನೆಯ ಹೆಣ್ಣುಮಕ್ಕಳ ಹಾಡು ಕಿವಿಗೆ ಬೀಳುತ್ತಿತ್ತು. ಎದ್ದು ಮತ್ತೆ ಹಾಡತೊಡಗಿದಾಗ ಆ ಧಾಟಿಗಳೇ ಹೊಸ ರಾಗಗಳಾದವು. ಅದಕ್ಕೆ ಯಾರು ಟೈಮ್‌ಟೇಬಲ್ ಹಾಕಿದ್ದರು, ಹೇಳ್ರಿ ನೋಡೋಣ.

ಉಡುಪಿಯ ಅಪ್ಪ:
ನನ್ನ ಮಗನದ್ದು ಮೃದಂಗ, ಹುಚ್ಚು ಯಕ್ಷಗಾನದ್ದು. ನೆರವೂ ಆಯಿತು, ಪೆಟ್ಟೂ ಬಿತ್ತು. ಮೊದಲು ಪೆಟ್ಟು ಹೇಳುತ್ತೇನೆ. ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇವರೆಗೆ. ಅಷ್ಟು ದಿನವೂ ರಾತ್ರಿ ಆಟ, ಬೆಳಗ್ಗೆ ಪಾಠದಲ್ಲಿ ತೂಕಡಿಕೆ. ಮೇಲಿಂದ ಚೆಂಡೆ ಬೇರೆ ಕಲಿಯಲು ಶುರು ಮಾಡಿದ. ಕೋಲು ಹಿಡಿದು ಬಂದ ಕೈ ಮೃದಂಗದ ಮೇಲೆ ಒರಟಾಗುತ್ತದೆ, ಚಾಪು ಅನ್ನುವ ಹೊಡೆತ ಮೊಂಡಾಗಿ ಕೇಳುತ್ತದೆ. ಮೊದಲ ನಡೆ ಕೇಳಿದ ಕೂಡಲೇ ಗುರುಗಳು "ನಿನ್ನೆ ಎಲ್ಲಿ ಆಟ?" ಅಂತ ವಿಚಾರಿಸುತ್ತಿದ್ದರು. ಈಗ ಕಛೇರಿ ಇರುವ ವಾರ ಚೆಂಡೆ ಮುಟ್ಟುವ ಹಾಗಿಲ್ಲ.

ನೆರವು ಅಂದರೆ ಇದು. ಭಾಗವತರು ಪದ್ಯವನ್ನು ಎಲ್ಲಿ ಏರಿಸುತ್ತಾರೆ, ವೇಷ ಎಲ್ಲಿ ತಿರುಗುತ್ತದೆ ಅಂತ ನೋಡಿ ನೋಡಿ, ಮೃದಂಗ ಹಿಡಿದು ಕೂತಾಗಲೂ ಅವನ ಕಣ್ಣು ಹಾಡುವವರ ಮೇಲೇ ಇರುತ್ತದೆ. ತನ್ನ ಲೆಕ್ಕದಲ್ಲೇ ಮುಳುಗಿಹೋಗುವುದಿಲ್ಲ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರೂ ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತವರು. ನಮಗ್ಯಾಕೆ ಬ್ಯಾಂಡ್ ವಾದ್ಯ ಅಂತ ಅಲ್ಲೇ ಬಿಟ್ಟಿದ್ದರೆ?

ಮೈಸೂರಿನ ಅಮ್ಮ:
ದಿನಾ ಸಂಜೆ ನುಡಿಸುತ್ತಾಳೆ ಸರ್, ಸ್ಕೂಲಿನ ಪರೀಕ್ಷೆ ಇದ್ದಾಗ ಬಿಟ್ಟರೆ. ಮೊನ್ನೆ ಒಂದು ನಡೆಯಿತು. ಪಕ್ಕದ ಮಾವಿನ ಮರದಲ್ಲಿ ಕೋಗಿಲೆ ಕೂಗುತ್ತಿತ್ತು. ಇವಳು ಅದನ್ನು ಒಂದೇ ಬೆರಳಿನ ಜಾರಿನಲ್ಲಿ ಹಿಡಿಯಲು ನೋಡುತ್ತಿದ್ದಳು. "ಕೋಗಿಲೆ ಕೂಗು ಪಂಚಮ ಸ್ವರ ಅಂತ ಪಾಠದಲ್ಲಿದೆ ಅಮ್ಮ, ಇದು ಎಲ್ಲೂ ನಿಲ್ಲೋದೇ ಇಲ್ಲ" ಅಂದಳು. ಹೌದು, ಪ್ರತಿ ಕೂಗಿಗೂ ಒಂದಿಷ್ಟು ಮೇಲೆ ಹೋಗುತ್ತದೆ, ಕೊನೆಗೆ ಥಟ್ಟನೆ ನಿಂತುಬಿಡುತ್ತದೆ. ಅದರ ಹಿಂದೆ ಹೋಗಿ ಹೋಗಿ ಇವಳಿಗೆ ತಂತಿಯ ಮೇಲೆ ಜಾಗವೇ ಸಾಲಲಿಲ್ಲ. ಇಬ್ಬರೂ ನಕ್ಕೆವು. "ಇದನ್ನು ಗುರುಗಳ ಮುಂದೆ ನುಡಿಸು, ಖುಷಿಪಡ್ತಾರೆ" ಅಂದೆ ನೋಡಿ, ಮುಖ ಸಣ್ಣದು ಮಾಡಿಕೊಂಡು ಪಿಟೀಲು ಪೆಟ್ಟಿಗೆಗೆ ಸೇರಿಸಿದಳು. ಯಾಕೋ ಗೊತ್ತಾಗಲಿಲ್ಲ.

ಹಾಡುವ ಹುಡುಗಿ, 22 ವರ್ಷ:
ಆಂಟೀ, ನನಗೆ ಗೊತ್ತಾಯಿತು! ಆ ವಯಸ್ಸಿನಲ್ಲಿ ನನಗೆ ಕುಮಾರವ್ಯಾಸ ಭಾರತದ ಹುಚ್ಚು. ಅಜ್ಜಿ ರಾಗವಾಗಿ ಓದುತ್ತಿದ್ದರು, ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಸುಮ್ನೆ ಏಳು ಎಣಿಕೆಯ ಮಿಶ್ರಛಾಪು ತಾಳ ಹಾಕಿ ನೋಡಿದೆ. ಆ ಕಾವ್ಯದ ಭಾಮಿನಿ ಷಟ್ಪದಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಅದರೊಳಗೆ ಸರಿಯಾಗಿ ಕೂತುಬಿಟ್ಟಿತು. ಪಾಠದಲ್ಲಿ ನನಗೆ ಸದಾ ಕಾಟ ಕೊಡುತ್ತಿದ್ದ ತಾಳ ಅದು. ಆಮೇಲೆ ಮಿಶ್ರಛಾಪಿನ ಕೃತಿ ಹಾಡುವಾಗ ಎಣಿಸುವುದೇ ಬೇಕಾಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಗೊತ್ತಾಯಿತು. ಕಾವ್ಯವನ್ನು ರಾಗವಾಗಿ ಓದುವ ಗಮಕ ಸ್ಪರ್ಧೆಗೆ ಹೆಸರು ಕೊಟ್ಟರು. ನೆಂಟರು ಬಂದರೆ ಓದಿಸಿದರು, ವಿಡಿಯೊ ಮಾಡಿದರು. ನಾನು ಪುಸ್ತಕ ತೆರೆಯುವುದನ್ನೇ ನಿಲ್ಲಿಸಿದೆ. ಮತ್ತೆ ಕೈಗೆತ್ತಿಕೊಂಡಿದ್ದು ಹಾಸ್ಟೆಲ್‌ಗೆ ಹೋದ ಮೇಲೆ. ಸಂಗೀತದಲ್ಲಿ ಎಲ್ಲದಕ್ಕೂ ಯಾರೋ ಒಬ್ಬರು ಸರಿ ತಪ್ಪು ಹೇಳುತ್ತಿರುತ್ತಾರೆ. ಹಾಗೆ ಯಾರೂ ನೋಡದ ಒಂದು ಮೂಲೆ ಬೇಕಿತ್ತು, ಅಷ್ಟೇ. ಕೋಗಿಲೆ ವಿಷಯ ನೀವಾಗಿ ಎತ್ತಬೇಡಿ.

ಶಿವಮೊಗ್ಗದ ಅಮ್ಮ:
ನಮ್ಮವನು ಚೆಸ್ ಹಿಂದೆ ಹೋಗಿ ಕೊಳಲು ಬಿಟ್ಟೇ ಬಿಟ್ಟ. ಎಲ್ಲರೂ ಚೆಸ್ಸನ್ನೇ ಬೈದರು. ನನಗೆ ಗೊತ್ತು, ಕೊಳಲು ಅವನಿಗೆ ಮೊದಲೇ ಬೇಸರವಾಗಿತ್ತು. ನಿಮ್ಮ ಮಗಳು ಹಕ್ಕಿಯ ಕೂಗು ಹಿಡಿಯಲು ಪಿಟೀಲು ಎತ್ತಿಕೊಳ್ಳುತ್ತಾಳೆ ಅಂದ ಮೇಲೆ ಹೆದರಿಕೆ ಯಾಕೆ?

ಪಿಟೀಲು ಮೇಷ್ಟ್ರು, ಬೆಂಗಳೂರು:
ಆ ಹುಡುಗಿ ಹೇಳಿದ್ದು ಸರಿ. ನಾನೂ ಮೇಷ್ಟ್ರೇ, ಶಿಷ್ಯರು ಏನು ತಂದರೂ ತಿದ್ದಲು ಹೊರಡುವ ಜಾತಿ. ಇನ್ನು ವ್ಯವಹಾರದ ಮಾತು. ಗುರುಗಳ ಹತ್ತಿರ ನೀವೇ ಹೋಗಿ ಮಾತಾಡಿ, ಮಗುವನ್ನು ಮುಂದೆ ಬಿಡಬೇಡಿ. "ಭಾನುವಾರ ಬೆಳಗಿನದು ಶನಿವಾರ ಸಂಜೆ ಮಾಡಿಸುತ್ತೇನೆ, ಪರೀಕ್ಷೆಗೆ ಎರಡು ತಿಂಗಳು ಇರುವಾಗ ಒಂದು ವಾರ ಬಿಟ್ಟು ಒಂದು ವಾರ ಕೆರೆ" ಅಂತ ಕೇಳಿ. ಒಪ್ಪದ ಗುರುಗಳು ಕಡಿಮೆ. ಯಾವ ಭಾನುವಾರ ಬಿಡಬೇಕು ಅನ್ನುವುದು ಅವಳಿಗೇ ಇರಲಿ. ವಲಸೆ ಹಕ್ಕಿ ಬರುವ ಚಳಿಗಾಲದಲ್ಲಿ ಒಂದು ದಿನವೂ ಬಿಡಲ್ಲ ಅಂತ ಜಗಳ ಆಡುತ್ತಾಳೆ, ಆಡಲಿ. ಒಂದು ಮಾತ್ರ ಖಂಡಿತ ಬೇಡ ಅನ್ನಿ. ಪಿಟೀಲನ್ನು ಕೆರೆ ದಡಕ್ಕೆ ಹೊತ್ತುಕೊಂಡು ಹೋಗುತ್ತೇನೆ ಅಂದರೆ ಬಿಡಬೇಡಿ. ಬೆಳಗಿನ ತೇವಕ್ಕೆ ತಂತಿ ಬಿಗಿಸುವ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ತಂತಿಗೂ ತುಕ್ಕು.