ಓದುಗರ ಸ್ಪಂದನ: ‘ಅತ್ತೆಯ ಫಾರಂನಲ್ಲಿ ಏನು ಬರೆಯಲಿ?’

ಕಳೆದ ಸಂಚಿಕೆಯಲ್ಲಿ ತಿಪಟೂರಿನ ಓದುಗರೊಬ್ಬರು ತಮ್ಮ ಸಂಕಟ ಹೇಳಿಕೊಂಡಿದ್ದರು. ಫೈನಾನ್ಸ್ ಕಚೇರಿಯ ಕೆಲಸ ಬಿಟ್ಟು, ಪರೀಕ್ಷೆ ಪಾಸು ಮಾಡಿ, ಒಂದು ಜೀವ ವಿಮೆ ಕಂಪನಿಗೂ ಒಂದು ಆರೋಗ್ಯ ವಿಮೆ ಕಂಪನಿಗೂ ಏಜೆಂಟ್ ಆಗಿದ್ದಾರೆ. ಮೊದಲು ಸಿಕ್ಕವರು ನೆಂಟರೇ. ಭಾವ ‘ನಿನ್ನ ಕಮಿಷನ್ ನನಗೆ ವಾಪಸ್ ಕೊಟ್ಟರೆ ಮಾಡಿಸುತ್ತೇನೆ’ ಎನ್ನುತ್ತಾರೆ. ಸೋದರತ್ತೆ ‘ಸಕ್ಕರೆ ಕಾಯಿಲೆ ಇದೆ ಅಂತ ಬರೀಬೇಡ’ ಎನ್ನುತ್ತಾರೆ. ‘ಇಬ್ಬರಿಗೂ ಆಗಲ್ಲ ಅಂದರೆ ಊರಲ್ಲಿ ನನ್ನ ಹತ್ತಿರ ಬರುವವರು ಯಾರು?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ದಾವಣಗೆರೆಯಿಂದ, ಹಿರಿಯ ಏಜೆಂಟರೊಬ್ಬರು

ಮಗಳೇ, ನೆಂಟರ ಪಟ್ಟಿ ಬೇಗ ಮುಗಿಯುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತೀಯ ಅನ್ನುವುದನ್ನು ಇವತ್ತೇ ಯೋಚಿಸು. ನಾನು ಹಿಡಿದದ್ದು ಎಪಿಎಂಸಿ ಯಾರ್ಡ್. ಹರಾಜು ಮುಗಿದು ದಲ್ಲಾಳಿ ಅಂಗಡಿಯವರು ಚಹಾ ಕುಡಿಯುವ ಹೊತ್ತಿಗೆ ಹೋಗಿ ಕೂರುತ್ತಿದ್ದೆ. ಹೊಸ ಪಾಲಿಸಿಯ ಮಾತೇ ಎತ್ತುತ್ತಿರಲಿಲ್ಲ. ಅವರ ಬೀರುವಿನಲ್ಲಿದ್ದ ಹಳೆ ಬಾಂಡ್‌ಗಳನ್ನು ತರಿಸಿ ನೋಡುತ್ತಿದ್ದೆ. ಮದುವೆಗೆ ಮುಂಚೆ ಮಾಡಿಸಿದ್ದಕ್ಕೆ ತೀರಿಹೋದ ತಾಯಿಯೇ ನಾಮಿನಿ, ಹೆಂಡತಿಯ ಹೆಸರೇ ಇಲ್ಲ, ಇಂಥವು ಎಷ್ಟೋ. ಅದನ್ನು ಸರಿಮಾಡಿಸಿ ಕೊಟ್ಟವರನ್ನು ಜನ ಮರೆಯುವುದಿಲ್ಲ. ಮೊದಲ ವರ್ಷದ ಕಮಿಷನ್ ದೊಡ್ಡದು, ಆದರೆ ಮನೆ ನಡೆಸುವುದು ರಿನ್ಯೂವಲ್ ಕಮಿಷನ್, ಅಂದರೆ ಅವರು ಮುಂದಿನ ವರ್ಷಗಳಲ್ಲಿ ಪ್ರೀಮಿಯಂ ಕಟ್ಟಿದಾಗೆಲ್ಲ ಬರುವುದು. ಕಟ್ಟಲಾಗದ ಪ್ರೀಮಿಯಂ ಯಾರ ತಲೆಗೂ ಕಟ್ಟಬೇಡ. ಭಾವನಿಗೆ ರಿಯಾಯಿತಿ ಬೇಕಂತೋ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಎರಡಕ್ಕೂ ಜಿಎಸ್‌ಟಿ ಇಲ್ಲ. ಸರ್ಕಾರವೇ ಬಿಟ್ಟಿದೆ ಅಂತ ಹೇಳು.

ಮಂಗಳೂರಿನಿಂದ

1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಓದಿ. ಕಮಿಷನ್ ಬಿಟ್ಟುಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ದಂಡ 10 ಲಕ್ಷ ರೂಪಾಯಿವರೆಗೆ. ಪರೀಕ್ಷೆ ಪಾಸಾದವರು ಇದನ್ನು ನಮ್ಮನ್ನು ಕೇಳಬಾರದು.

*ಮಾತು ಖಾರವಾಗಿದೆ, ಕಾನೂನು ಸರಿಯಾಗಿದೆ. ಇದನ್ನು ಭಾವನವರಿಗೂ ಓದಲು ಕೊಡಬಹುದು. ಮುಂದಿನ ಇಬ್ಬರು ಬೇರೆಯೇ ಕಡೆಯಿಂದ ನೋಡಿದ್ದಾರೆ. – ಸಂ.*

ಹುಬ್ಬಳ್ಳಿಯಿಂದ

ತಂಗೀ, ಪಾಲಿಸಿ ವಿಷಯ ನನಗ ತಿಳಿಯೂದಿಲ್ಲ. ಆದ್ರ ಸಂಜಿ ಹೊತ್ತಿನ್ಯಾಗ ಮಂದಿ ಮನಿಗೆ ಹೋಗೂ ಕೆಲಸ ಇದು. ನಿನ್ನ ಬೆನ್ನಿಗೆ ಮನ್ಯಾಗ ಯಾರು ಅದಾರ, ಅದನ್ನ ಬರದಿಲ್ಲ ನೀನು. ನಾನು ಮನಿಯೊಳಗ ಸೀರಿ ವ್ಯಾಪಾರ ಸುರು ಮಾಡಿದಾಗ ಉದ್ರಿ ಕೇಳಿದವರೆಲ್ಲಾ ನಮ್ಮವರ. ಒಮ್ಮೆ ಕೊಡೂದಿಲ್ಲ ಅಂದೆ, ಸಿಟ್ಟಾದ್ರು. ದೀಪಾವಳಿಗೆ ರೊಕ್ಕಾ ಹಿಡಕೊಂಡು ಅವರ ಬಂದ್ರು. ಹೆದರಬ್ಯಾಡ.

ಮಂಡ್ಯ ಜಿಲ್ಲೆಯಿಂದ, ರೈತರು

ನಾನು ಸಹಕಾರ ಸಂಘದ ಸದಸ್ಯ. ಸಂಘದ ಸದಸ್ಯರಿಗೆಂದು ಸರ್ಕಾರ ಮಾಡಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಮ್ಮಂಥವರ ಮನೆಗೆ ಬಂದಾಗ ಏಜೆಂಟರು ಇದನ್ನು ಮೊದಲು ಹೇಳಬೇಕು. ಯಾರೂ ಹೇಳುವುದಿಲ್ಲ. ಆ ಹೆಣ್ಣುಮಗಳು ಹೇಳಿದರೆ ನಾನೇ ನಾಲ್ಕು ಮನೆ ತೋರಿಸುತ್ತೇನೆ.

*ಅತ್ತೆಯವರ ಫಾರಂ ವಿಚಾರಕ್ಕೆ ಹೆಚ್ಚಿನವರು ಕೈ ಹಾಕಲಿಲ್ಲ. ಕೈ ಹಾಕಿದ ಈ ಪತ್ರವನ್ನು ಒಂದು ಸಾಲೂ ಕತ್ತರಿಸದೆ ಕೊಡುತ್ತಿದ್ದೇವೆ. ಹೆಸರು, ಊರು ಬೇಡವೆಂದಿದ್ದಾರೆ. – ಸಂ.*

ತಿಪಟೂರಿನ ತಂಗಿಗೆ,

ನಿನ್ನ ಪತ್ರ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಯಜಮಾನರಿಗೆ 10 ಲಕ್ಷದ ಪಾಲಿಸಿ ಮಾಡಿಸಿದ್ದು ಅವರ ಚಿಕ್ಕಪ್ಪನ ಮಗ. ಅವನೂ ಆಗಷ್ಟೇ ಏಜೆಂಟ್ ಆಗಿದ್ದ. ನಮ್ಮ ಹಾಲ್‌ನಲ್ಲಿ ಕೂತು ಫಾರಂ ತುಂಬಿದ. ಕಾಯಿಲೆಗಳ ಪುಟ ಬಂದಾಗ ಓದಿ ಹೇಳಲೂ ಇಲ್ಲ, ಸಾಲಾಗಿ ‘ಇಲ್ಲ, ಇಲ್ಲ’ ಎಂದು ಟಿಕ್ ಹಾಕುತ್ತಾ ಹೋದ. ಇವರ ಸಕ್ಕರೆ ಮಾತ್ರೆಯ ಶೀಟು ಅವನ ಎದುರಿಗೇ ಟಿವಿ ಪಕ್ಕದಲ್ಲಿತ್ತು. ‘ಅಣ್ಣಾ, ಇದೆ ಅಂತ ಬರೆದರೆ ಮೆಡಿಕಲ್ ಟೆಸ್ಟು, ಅದೂ ಇದೂ ಅಂತ ತಡ ಆಗುತ್ತೆ’ ಎಂದ. ಇವರು ಸಹಿ ಮಾಡಿದರು.

ಎರಡು ವರ್ಷ ತುಂಬುವ ಮೊದಲೇ ಇವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ‘ಶುಗರ್ ಇದೆಯಾ, ಎಷ್ಟು ವರ್ಷದಿಂದ?’ ಎಂದು ಕೇಳಿದರು. ಮಂಚದ ಮೇಲೆ ಮಲಗಿದವರು ಡಾಕ್ಟರ ಹತ್ತಿರ ಸುಳ್ಳು ಹೇಳುತ್ತಾರೆಯೇ? ‘ಆರು ವರ್ಷದಿಂದ’ ಎಂದರು. ಅದು ಕೇಸ್ ಶೀಟಿನಲ್ಲಿ ಕೂತಿತು. ಅವರು ಉಳಿಯಲಿಲ್ಲ.

ಪಾಲಿಸಿಗೆ ಮೂರು ವರ್ಷ ತುಂಬುವುದರೊಳಗೆ ಸಾವಾದರೆ ಹಳೆಯ ದಾಖಲೆಗಳನ್ನೆಲ್ಲ ತೆಗೆಸಿ ನೋಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಕ್ಲೇಮ್ ತಿರಸ್ಕರಿಸಿದರು. ಕಟ್ಟಿದ ಪ್ರೀಮಿಯಂ ಮಾತ್ರ ವಾಪಸ್ ಬಂತು. ಮಗಳ ಎಂಜಿನಿಯರಿಂಗ್ ಸೀಟು ಬಿಟ್ಟೆವು. ಬಿ.ಎಸ್ಸಿ. ಮಾಡಿದಳು, ಚೆನ್ನಾಗಿಯೇ ಓದಿದಳು, ಆದರೂ ಆ ಸೀಟಿನ ಅಲಾಟ್‌ಮೆಂಟ್ ಕಾಗದ ಇನ್ನೂ ಅವಳ ಫೈಲಿನಲ್ಲಿದೆ.

ಮೈದುನ ಕೆಟ್ಟವನಲ್ಲ. ಒಳ್ಳೆಯದಾಗಲಿ ಅಂತಲೇ ಮಾಡಿದ. ಈಗಲೂ ಹಬ್ಬಕ್ಕೆ ಬರುತ್ತಾನೆ, ಕಾಫಿ ಕೊಡುತ್ತೇನೆ, ಅವನ ಜೊತೆ ಮಾತಾಡಲು ನನ್ನ ಕೈಲಿ ಆಗುವುದಿಲ್ಲ. ನಿಮ್ಮ ಅತ್ತೆ ಇವತ್ತು ಮುನಿಸಿಕೊಳ್ಳಲಿ ಬಿಡು. ಫಾರಂನ ಒಂದೊಂದು ಪ್ರಶ್ನೆಯನ್ನೂ ಅವರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳು. ಅವರು ಹೇಳಿದ್ದನ್ನು ಬರಿ. ಅಷ್ಟು ಮಾಡಮ್ಮ.

ಮೈಸೂರಿನಿಂದ, ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕ್‌ನಲ್ಲಿರುವವರು

ಸಕ್ಕರೆ ಇದೆ ಎಂದು ಬರೆದರೆ ಪಾಲಿಸಿಯೇ ಸಿಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಪ್ರೀಮಿಯಂ ಹೆಚ್ಚಾಗಬಹುದು. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಯ ಖರ್ಚು ಸಿಗಲು ಸ್ವಲ್ಪ ಕಾಲ ಕಾಯಬೇಕಾಗಬಹುದು, ಆದರೆ 2024ರ ನಿಯಮದಂತೆ ಆ ಅವಧಿ 3 ವರ್ಷ ಮೀರುವಂತಿಲ್ಲ. ಮುಚ್ಚಿಟ್ಟವರ ಕ್ಯಾಶ್‌ಲೆಸ್ ಅರ್ಜಿ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಎಂಬ ಕೋರಿಕೆ) ತಿರಸ್ಕೃತವಾಗಿ ವಾಪಸ್ ಬಂದಾಗ ಆ ಸುದ್ದಿಯನ್ನು ಮನೆಯವರಿಗೆ ಹೇಳಬೇಕಾದವಳು ನಾನು. ಏಜೆಂಟರ ಫೋನು ಆಗ ಸ್ವಿಚ್ ಆಫ್ ಆಗಿರುತ್ತದೆ.

*ಕ್ಲೇಮ್ ತಿರಸ್ಕೃತವಾದವರು ಏನು ಮಾಡಬೇಕೆಂದು ಹಲವರು ಕೇಳಿದ್ದಾರೆ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮೆ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತಿಪಟೂರಿನ ಓದುಗರು ಅತ್ತೆಯವರಿಗೆ ಫಾರಂ ಓದಿ ಹೇಳಿದ ಮೇಲೆ ಏನಾಯಿತೆಂದು ಬರೆದರೆ ಪ್ರಕಟಿಸುತ್ತೇವೆ. – ಸಂ.*