ಮೂಡಿಗೆರೆಯ ಮನೆ, ನ್ಯೂಜೆರ್ಸಿಯ ಶಾಲೆ: ಮಕ್ಕಳ ಜೊತೆ ಊರಿಗೆ ಹೋಗುವವರಿಗೆ

ಕೊರೊನಾ ವರ್ಷದಲ್ಲಿ ಮಕ್ಕಳನ್ನು ಕರಕೊಂಡು ಊರಿಗೆ ಹೋದವರು ಹೇಗೆ ನಿಭಾಯಿಸಿದಿರಿ, ಮಕ್ಕಳಿಗೆ ಏನಾದರೂ ಉಪಯೋಗ ಆಯ್ತಾ ಅಂತ ಇಲ್ಲಿ ಒಬ್ಬರು ಕೇಳಿದ್ದರು. ಅವರ ಕಂಪನಿ ಈಗ ಕೆಲವು ತಿಂಗಳು ಊರಿಂದಲೇ ಕೆಲಸ ಮಾಡಲು ಬಿಡುತ್ತಂತೆ. ನಾವು 2020ರ ಜುಲೈನಲ್ಲಿ ನ್ಯೂಜೆರ್ಸಿಯಿಂದ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಹತ್ತಿರದ ನಮ್ಮ ಅತ್ತೆ ಮಾವನ ಕಾಫಿ ತೋಟದ ಮನೆಗೆ ಹೋಗಿ ಮುಂದಿನ ಮಾರ್ಚ್‌ವರೆಗೆ ಇದ್ದವರು. ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡ್ತೀನಿ. ಊರಿಗೆ ಹೋಗಿಯೂ ಮಗು ಅಮೆರಿಕದ ಟೈಮಿಗೇ ಏಳೋದು ಮಲಗೋದು ಮಾಡಿದರೆ, ಹೋಗಿದ್ದರಲ್ಲಿ ಅರ್ಧ ನಷ್ಟ.

ಹೋಗೋದೇ ಆಗ ಒಂದು ದೊಡ್ಡ ಕತೆ. ಮೇ 7ಕ್ಕೆ, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರೋ ವಂದೇ ಭಾರತ್ ವಿಮಾನಗಳು ಶುರುವಾದಾಗ, ಓಸಿಐ ಕಾರ್ಡಿನ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಮಕ್ಕಳನ್ನು ಹತ್ತಿಸುತ್ತಿರಲಿಲ್ಲ. ಅಪ್ಪ ಅಮ್ಮನಿಗೆ ಭಾರತದ ಪಾಸ್‌ಪೋರ್ಟ್, ಕಂಕುಳಲ್ಲಿರೋ ಮಗುವಿಗೆ ಅಮೆರಿಕದ್ದು. ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗೋದು? ಮೇ 22ಕ್ಕೆ ಆ ನಿಯಮ ಸಡಿಲ ಆಯ್ತು. ಆಮೇಲೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನೋಂದಣಿ, ಬೆಂಗಳೂರಿನಲ್ಲಿ ಹೋಟೆಲ್ ಕ್ವಾರಂಟೈನ್, ಮನೆಗೆ ಬಂದ ಮೇಲೆ ಮತ್ತೆ ಕ್ವಾರಂಟೈನ್. ಚಿಕ್ಕಮಗಳೂರು, ಹಾಸನ ಎರಡೂ ಮೇ ಮೊದಲ ವಾರದಲ್ಲಿ ಇನ್ನೂ ಹಸಿರು ವಲಯದಲ್ಲಿದ್ದ, ಅಂದರೆ ಹೊಸ ಕೊರೊನಾ ಪ್ರಕರಣ ಇಲ್ಲದ ಜಿಲ್ಲೆಗಳು. ಹಾಗಾಗಿ ಹೊರಗಿಂದ ಬಂದವರು ಅಂದರೆ ಊರವರಿಗೆ ದಿಗಿಲು. ಅದರಲ್ಲಿ ತಪ್ಪೇನೂ ಇಲ್ಲ. ಆಶಾ ಕಾರ್ಯಕರ್ತೆ ಗೇಟಿನ ಆಚೆ ಛತ್ರಿ ಹಿಡಿದು ನಿಂತು, 'ಜ್ವರ ಇದೆಯಾ, ಕೆಮ್ಮು ಇದೆಯಾ' ಅಂತ ಕೂಗಿ ಕೇಳಿ ಬರಕೊಂಡು ಹೋಗುತ್ತಿದ್ದರು. ಆ ಮಳೆಯಲ್ಲಿ, ಆ ರಸ್ತೆಯಲ್ಲಿ ನಡೆದು ಬಂದು! ಅವರಿಗೆ ಎಷ್ಟು ಕೈ ಮುಗಿದರೂ ಕಮ್ಮಿ.

ಈಗ ಮಕ್ಕಳ ವಿಷಯ. ಮಗಳು ಆಗ ಐದನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ.

ಮಗಳ ಆನ್‌ಲೈನ್ ಶಾಲೆ ಅಲ್ಲಿಯ ಬೆಳಗ್ಗೆ ಎಂಟೂವರೆಗೆ, ಅಂದರೆ ನಮಗೆ ಸಂಜೆ ಆರಕ್ಕೆ. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಏಳಕ್ಕೆ. ಮುಗಿಯೋದು ನಡುರಾತ್ರಿ ದಾಟಿ. ಅವಳ ಲಂಚ್ ಬ್ರೇಕ್ ರಾತ್ರಿ ಒಂಬತ್ತೂವರೆಗೆ. ಎಂಟಕ್ಕೇ ಊಟ ಮುಗಿಸಿ ಮಲಗೋ ನಮ್ಮತ್ತೆ ಅಷ್ಟು ಹೊತ್ತು ಕಾದು ಕೂತು, ಕಾವಲಿಯಿಂದ ಇಳಿಸಿದ ಅಕ್ಕಿ ರೊಟ್ಟಿ ತಂದು ಲ್ಯಾಪ್‌ಟಾಪ್ ಪಕ್ಕ ಇಡುತ್ತಿದ್ದರು. ಅವಳು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು 'ಥ್ಯಾಂಕ್ಸ್ ಅಜ್ಜಿ' ಅನ್ನೋಳು. ಅಜ್ಜಿ ಮೊಮ್ಮಗಳ ಮಾತು ದಿನಕ್ಕೆ ಅಷ್ಟೇ. ಒಂದು ದಿನ ಟೀಚರ್ 'ಹಿಂದೆ ಅದೇನು ಸದ್ದು, ಮಿಷನ್ ಓಡುತ್ತಿದೆಯಾ' ಅಂತ ಕೇಳಿದರು. ಅದು ಜೀರುಂಡೆ. ಆವತ್ತು ಇಡೀ ಕ್ಲಾಸು ಮೈಕ್ ಆಫ್ ಮಾಡಿಕೊಂಡು ನಮ್ಮ ತೋಟದ ಜೀರುಂಡೆ ಕೇಳಿತು. ಮಗಳಿಗೆ ಬೆಳಗಾಗೋದು ಹತ್ತೂವರೆಗೆ. ಅಷ್ಟರಲ್ಲಿ ತೋಟದ ಅರ್ಧ ದಿನ ಮುಗಿದಿರುತ್ತಿತ್ತು.

ಮಗನಿಗೆ ಶಾಲೆ ಇಲ್ಲ. ಬೆಳಗ್ಗೆ ಆರಕ್ಕೆ ಅಜ್ಜನ ಜೊತೆ ಎದ್ದು ದನದ ಹಟ್ಟಿಗೆ ಹೋಗೋನು. ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತ್ತಲ್ವಾ, ನಮ್ಮೂರ ಮೇಷ್ಟ್ರು ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಹೇಳುತ್ತಿದ್ದರು. ಇವನೂ ಹೋಗಿ ಒಂದು ಮೂಲೆಯಲ್ಲಿ ಕೂರೋನು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಮಕ್ಕಳಿಗೆ ಆಮೇಲೆ ಚಂದನ ಟಿವಿಯ ಪಾಠವೇ ಗತಿ, ಅದೂ ಕರೆಂಟ್ ಇದ್ದರೆ. ನಮ್ಮ ಮಗಳ ಒಬ್ಬಳ ಕ್ಲಾಸಿಗೆ ಯುಪಿಎಸ್ಸು, ಫೈಬರ್ರು, ಮೇಲೆ ಎರಡು ಸಿಮ್ಮು. ಇದು ನನಗೆ ಆಗಲೂ ಸರಿ ಅನಿಸಿರಲಿಲ್ಲ, ಈಗಲೂ ಅನಿಸಲ್ಲ.

ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೇ ಅಕಾಲ ಮಳೆ ಬಂತು, ನೆನಪಿರಬಹುದು. ಹಾಸನ, ಕೊಡಗು, ನಮ್ಮ ಕಡೆ ಎಲ್ಲಾ ಬಹಳ ಜನರಿಗೆ ನಷ್ಟ ಆಯ್ತು. ಕಣದಲ್ಲಿ ಹರವಿದ ಹಣ್ಣನ್ನು ಕಾಲಿಂದ ಕೆದಕುತ್ತಾ ಓಡಾಡುತ್ತಿದ್ದ ಮಗ ಒಂದು ಮಧ್ಯಾಹ್ನ ಮೇಲೆ ನೋಡಿ, 'ಅಜ್ಜಾ, ಮೋಡ ಆಯ್ತು, ಟಾರ್ಪಾಲ್ ಮುಚ್ಚಾಣ ಬಾ' ಅಂದ. ಯಾರೂ ಹೇಳಿಕೊಟ್ಟಿದ್ದಲ್ಲ. ಮಗಳು ನ್ಯೂಜೆರ್ಸಿಯ ಎಡಿಸನ್‌ನ ಭಾನುವಾರದ ಕನ್ನಡ ತರಗತಿಗೆ ವರ್ಷಗಟ್ಟಲೆ ಹೋಗಿದ್ದಳು. ಓದುತ್ತಾಳೆ, ಬರೆಯುತ್ತಾಳೆ. ಆದರೆ ಇಂಥ ಮಾತು ಅವಳ ಬಾಯಲ್ಲಿ ಇವತ್ತಿಗೂ ಬರಲ್ಲ. ಮಗನಿಗೆ ವಯಸ್ಸು ಚಿಕ್ಕದು, ಬೇಗ ಹಿಡೀತಾನೆ ಅನ್ನಬಹುದು. ಇರಬಹುದು. ಆದರೂ ಅವಳು ನಿದ್ದೆಯಲ್ಲಿದ್ದ ಹೊತ್ತಲ್ಲೇ ಊರು ಎದ್ದು ಓಡಾಡುತ್ತಿತ್ತು ಅನ್ನೋದು ಸುಳ್ಳಲ್ಲ.

ಆದ್ದರಿಂದ ಹೋಗೋದಾದರೆ ಶಾಲೆಗೆ ರಜೆ ಇರೋ ತಿಂಗಳು ನೋಡಿ ಹೋಗಿ. ಇಲ್ಲಾ, ಮಗುವನ್ನು ಒಂದಷ್ಟು ದಿನ ಶಾಲೆಯಿಂದ ಬಿಡಿಸಿ ಅಲ್ಲೇ ಯಾವುದಾದರೂ ಶಾಲೆಗೆ ಹಾಕಿ. ರಾತ್ರಿ ಕ್ಲಾಸು ಬೇಡವೇ ಬೇಡ. ದೊಡ್ಡವರ ರಾತ್ರಿ ಕೆಲಸ ಬೇರೆ, ಅದು ನಮಗೆ ಅಭ್ಯಾಸ ಇದೆ.

ವೀಸಾ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟಿನಲ್ಲಿ ವೀಸಾ ಹಾಕಿಸಿಕೊಳ್ಳೋದು, ಬಾಕಿ ಇರೋರು ಮಾತ್ರ ಎರಡು ಸಲ ಯೋಚನೆ ಮಾಡಿ. 2020ರ ಜೂನ್‌ನಲ್ಲಿ ಅಮೆರಿಕ ಹೊರಡಿಸಿದ ಆದೇಶದಿಂದ, ಚಾಲ್ತಿ ವೀಸಾ ಇಲ್ಲದೆ ಹೊರಗಿದ್ದ ಎಷ್ಟೋ ಎಚ್-1ಬಿಯವರಿಗೆ (ಅಮೆರಿಕದಲ್ಲಿ ಕೆಲಸದ ಪರವಾನಗಿ ಇದ್ದವರಿಗೆ) 2021ರ ಮಾರ್ಚ್ ಕೊನೆವರೆಗೂ ದಾರಿ ಬಂದ್ ಆಗಿತ್ತು. ನಮ್ಮನೆಯವರದು ಚಾಲ್ತಿಯಲ್ಲಿತ್ತು, ಅದೇ ಧೈರ್ಯ. ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯ್ತು. ಅತ್ತೆ ಮಾವನಿಗೆ ಮೊದಲ ಡೋಸ್ ಹಾಕಿಸಿ ಹೊರಟೆವು. ಮೇ 10ಕ್ಕೆ ಮತ್ತೆ ಲಾಕ್‌ಡೌನ್, ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಆಗ ಅವರಿಗೆ ಸಾಮಾನು ತಂದುಕೊಟ್ಟಿದ್ದು ತೋಟದ ಲೆಕ್ಕ ನೋಡೋ ರೈಟರ್. ನಿಮ್ಮ ಮನೆಯಲ್ಲೂ ಹಿರಿಯರು ಇಬ್ಬರೇ ಇದ್ದರೆ, ಅಂಥವರ ಫೋನ್ ನಂಬರ್ ಈಗಲೇ ಇಟ್ಟುಕೊಳ್ಳಿ.

ಜೂನ್‌ನಲ್ಲಿ ಮಳೆಗೆ ಸರಿಯಾಗಿ ಹೋಗೋರು ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿ. ಮಕ್ಕಳಿಗೆ ಇಂಬಳ (ಜಿಗಣೆ) ಕಚ್ಚಿದರೆ ಗಾಬರಿ ಬೀಳಬೇಡಿ, ಉಪ್ಪು ಹಾಕಿದರೆ ಉದುರುತ್ತೆ.